ಕರೆಂಟಿಲ್ಲದ ತಂತಿ

ಮೇಸ್ತ್ರಿಯ ಮುಂದಿನ ಎರಡು ಹಲ್ಲುಗಳ ಅಂಚು ಸವೆದು, ನಡುವೆ ಒಂದು ಕಚ್ಚು ಬಿದ್ದಿತ್ತು. ವರ್ಷಗಟ್ಟಲೆ ವೈರಿನ ಸಿಪ್ಪೆ ಸುಲಿದ ಹಲ್ಲು ಅವು. ಕಟಿಂಗ್ ಪ್ಲೇಯರ್ ಜೇಬಿನಲ್ಲೇ ಇದ್ದರೂ ವೈರು ಮೊದಲು ಬಾಯಿಗೇ ಹೋಗುತ್ತಿತ್ತು. ಅಂಥವರಿಗೆ ವೈರಿಂಗೇ ಬರುವುದಿಲ್ಲ ಎಂದು ತರೀಕೆರೆಯ ತಮ್ಮ ಜವಳಿ ಅಂಗಡಿಯಲ್ಲಿ ಕೂತು ಊರಿಗೆಲ್ಲ ಸಾರಿದ್ದು ನಮ್ಮಪ್ಪ. ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆ. ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ, ಗಂಡು ನೋಡುತ್ತಿದ್ದರು. ಗಿರಿಯ ಕಡೆಯ ಕಾಫಿ ತೋಟದ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ಬಂಗಲೆಯ ಸಾಮಾನೆಲ್ಲ ಮಾರಿದ. ಅಪ್ಪ ಅಲ್ಲಿಂದ ಒಂದು ಎಸ್ಪ್ರೆಸೊ ಕಾಫಿ ಮಶೀನು ಹೊತ್ತು ತಂದರು. ಹಿತ್ತಾಳೆಯ ಹೊಟ್ಟೆ, ಮೇಲೊಂದು ಹಿಡಿ, ಅಡಿಗೆಮನೆ ಕಟ್ಟೆಯ ಅರ್ಧ ಜಾಗ ಅದಕ್ಕೇ. ಒಳಗಿನ ವೈರನ್ನು ಇಲಿ ತಿಂದಿತ್ತು. ಕಡೂರಿನಿಂದ ಮೇಸ್ತ್ರಿಯನ್ನು ಕರೆಸಿದರು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಹಿಟ್ಟಿನ ಗಿರಣಿಯಿಂದ ಹಿಡಿದು ಟೂರಿಂಗ್ ಟಾಕೀಸಿನವರೆಗೆ ವೈರಿಂಗ್ ಎಂದರೆ ಅವರೇ.

ಅವರು ಮಶೀನನ್ನು ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡರು. ಬಿಸಿಯಾಗುವ ಕಡೆ ರಬ್ಬರು ನಿಲ್ಲುವುದಿಲ್ಲವೆಂದು ಬರಿಯ ತಂತಿಗೆ ಪಿಂಗಾಣಿ ಮಣಿಗಳನ್ನು ಒಂದೊಂದಾಗಿ ಪೋಣಿಸಿದರು. ಅಮ್ಮ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು, ಇಬ್ಬರ ಕೈಯೂ ಒಂದೇ ವೇಗದಲ್ಲಿ ಓಡುತ್ತಿತ್ತು.

"ನೀರೂ ಕರೆಂಟೂ ಒಂದೇ ಹೊಟ್ಟೇಲಿ ಅವೆ ಯಜಮಾನ್ರೆ. ಅರ್ತ್ ಇಲ್ದೆ ನಾನು ಇದನ್ನ ಹಚ್ಚಕ್ಕೆ ಬಿಡಲ್ಲ," ಎಂದರು.

ಹಿತ್ತಲಿನ ಬಾವಿಯ ಪಕ್ಕ ಆಳುದ್ದ ಗುಂಡಿ ತೋಡಿಸಿ ಇದ್ದಿಲು, ಉಪ್ಪು ತುಂಬಿದರು. ಅಲ್ಲಿಂದ ಅಡಿಗೆಮನೆಯ ಗೋಡೆಯವರೆಗೆ ದಪ್ಪ ಕಬ್ಬಿಣದ ತಂತಿ ಎಳೆದು ಮಶೀನಿನ ಹಿತ್ತಾಳೆ ಮೈಗೆ ಸೇರಿಸಿದರು. ಹೊರಡುವಾಗ ನನ್ನನ್ನು ಕರೆದು, "ಬ್ಯಾಸ್ಗೇಲಿ ಆ ಗುಂಡಿಗೆ ದಿನಾ ಒಂದು ಕೊಡ ನೀರು ಹೊಯ್ಯವ್ವ. ನೆಲ ಒಣಗಿದ್ರೆ ಅದು ಕೆಲ್ಸ ಮಾಡಕ್ಕಿಲ್ಲ. ನೀನು ಓದಿದೋಳು, ನಿಂಗೆ ತಿಳೀತದೆ," ಎಂದರು.

ತಿಳಿದಿತ್ತು. ಅದೇ ಕಷ್ಟ.

ಎರಡು ತಿಂಗಳು ಮನೆಗೆ ಬಂದವರಿಗೆಲ್ಲ ಆ ಮಶೀನಿನ ಕಾಫಿಯ ಉಪಚಾರ ನಡೆಯಿತು. ಆಮೇಲೊಂದು ಭಾನುವಾರ ಅಪ್ಪನಿಗೆ ಏನು ಹೊಳೆಯಿತೋ, ಟೆಸ್ಟರು ತಂದು ಹಿತ್ತಲಿನ ತಂತಿಗೆ ಮುಟ್ಟಿಸಿದರು. ದೀಪ ಹತ್ತಲಿಲ್ಲ. ಇನ್ನೊಂದು ಕಡೆ ಮುಟ್ಟಿಸಿದರು, ಅಲ್ಲೂ ಹತ್ತಲಿಲ್ಲ.

"ನೋಡ್ದೇನೇ, ಕರೆಂಟೇ ಬರದಿರೋ ತಂತಿ. ಸುಮ್ನೆ ಗುಂಡಿ ತೋಡ್ಸಿ ನಮ್ಗೆ ಟೋಪಿ ಹಾಕ್ಬಿಟ್ಟ," ಎಂದು ಅಮ್ಮನಿಗೆ ಹೇಳಿದರು. ಗೋಡೆಯ ಬುಡದಿಂದ ತಂತಿಯನ್ನು ಕತ್ತರಿಸಿ, ಎರಡು ಕಂಬಕ್ಕೆ ಬಿಗಿದು ಬಟ್ಟೆ ಒಣಗಿಸುವ ತಂತಿ ಮಾಡಿಬಿಟ್ಟರು. ಎಂಥ ಜಾಣತನ. ಅದರಲ್ಲಿ ಮಾಮೂಲಾಗಿ ಕರೆಂಟು ಇರಬಾರದು, ಮಶೀನಿನ ಮೈಗೆ ಕರೆಂಟು ಸೋರಿದರೆ ನೆಲಕ್ಕೆ ಒಯ್ಯಲೆಂದೇ ಅದನ್ನು ಹಾಕುವುದು ಎಂದು ಬಾಯಿಬಿಟ್ಟು ಹೇಳಬಹುದಾಗಿದ್ದ ಏಕೈಕ ಪ್ರಾಣಿ ನಾನು, ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅಪ್ಪನಿಗೆ ಎದುರು ಮಾತಾಡುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಸುಮ್ಮನೆ ಒಳಗೆ ಹೋದೆ.

ತಿಂಗಳೊಳಗೆ ಮಶೀನು ಅಮ್ಮನನ್ನು ಹಿಡಿಯಿತು. ಒದ್ದೆ ಕೈಯಲ್ಲಿ ಹಿಡಿ ಒತ್ತಿದವಳು ಹಿಂದಕ್ಕೆ ಬಿದ್ದಳು. ಜೀವ ಉಳಿಯಿತು, ಆದರೆ ಬಲಗೈ ನಡುಗುತ್ತಲೇ ಇತ್ತು, ಆಮೇಲೆ ಹೂ ಕಟ್ಟಲಾಗಲಿಲ್ಲ. ಅಪ್ಪ ಮರುದಿನದಿಂದಲೇ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಸೀರೆ ಕೊಳ್ಳಲು ಬಂದವರಿಗೆಲ್ಲ ಮೇಸ್ತ್ರಿ ತಪ್ಪು ವೈರಿಂಗ್ ಮಾಡಿ ಹೆಂಡತಿಯನ್ನು ಕೊಂದೇಬಿಡುತ್ತಿದ್ದ ಎಂದು ವರದಿ ಒಪ್ಪಿಸಿದರು. ಅಜ್ಜಂಪುರದ ಗಿರಣಿಯವರು ಅದನ್ನು ಕೇಳಿ, ಹೊಸ ಮೋಟಾರಿನ ಕೆಲಸಕ್ಕೆ ಬಂದಿದ್ದ ಮೇಸ್ತ್ರಿಯನ್ನು ಬಾಗಿಲಿಂದಲೇ ವಾಪಸ್ ಕಳಿಸಿದರಂತೆ.

ಅಲ್ಲಿಂದ ಅವರು ನೇರ ನಮ್ಮ ಮನೆಗೆ ಬಂದರು. ಅಪ್ಪ ಅಂಗಡಿಯಲ್ಲಿದ್ದರು. ಮಶೀನು ಬಿಚ್ಚಿ ನೋಡಿದರೆ ಒಂದು ಮಣಿ ಬಿರುಕು ಬಿಟ್ಟು ತಂತಿ ಹಿತ್ತಾಳೆಗೆ ತಾಗಿತ್ತು.

"ಮಣಿ ಒಡೀತದೆ ಅಂತ್ಲೇ ಅರ್ತ್ ಹಾಕಿದ್ದು. ಅದು ಇದ್ದಿದ್ರೆ ಫ್ಯೂಸ್ ಹೋಗಿರೋದು, ಅವ್ವಂಗೆ ಏನೂ ಆಗ್ತಿರ್ಲಿಲ್ಲ," ಎನ್ನುತ್ತ ಹಿತ್ತಲಿಗೆ ಬಂದವರು ನಿಂತುಬಿಟ್ಟರು. ಅವರ ತಂತಿಯ ಮೇಲೆ ಅಮ್ಮನ ಒದ್ದೆ ಸೀರೆ ತೂಗುತ್ತಿತ್ತು.

"ಯಾರವ್ವ ಕಿತ್ತಿದ್ದು?"

"ಗೊತ್ತಿಲ್ಲ," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ನೀನು ಸೈನ್ಸ್ ಓದಿದೋಳಲ್ವಾ," ಎಂದರು. ಅಷ್ಟೇ. ಒಂದು ಬೈಗುಳವಿಲ್ಲ, ಒಂದು ಶಾಪವಿಲ್ಲ. ಸೀರೆಯನ್ನು ನೆಲಕ್ಕೆ ತಾಗದಂತೆ ಮಡಿಸಿ ನನ್ನ ಕೈಗೆ ಕೊಟ್ಟು, ತಂತಿ ಬಿಚ್ಚಿ, ಮೊದಲಿನ ಜಾಗಕ್ಕೇ ಜೋಡಿಸಿದರು. ಒಡೆದ ಮಣಿ ಬದಲಿಸಿದರು. ಚೀಲ ಹೆಗಲಿಗೆ ಹಾಕಿಕೊಂಡು, "ಯಜಮಾನ್ರು ನನ್ನ ಏನಾರಾ ಅಂದ್ಕೊಳ್ಳಿ. ಇನ್ನೊಂದ್ ಸಲ ಕೀಳ್ದಂಗೆ ನೀನು ನೋಡ್ಕೊ," ಎಂದು ಹೊರಟರು. ಒಂದು ಲೋಟ ನೀರು ಕೊಡಲೂ ನನಗೆ ತೋಚಲಿಲ್ಲ.

ಮೇಸ್ತ್ರಿ ತೀರಿಕೊಂಡಿದ್ದು ಎಂಬತ್ತರ ದಶಕದ ನಡುವೆ, ಕಡೂರಿನಲ್ಲೇ, ಎದೆನೋವಿನಿಂದ. ಅಷ್ಟರಲ್ಲಿ ಅವರ ಕೈಗೆ ಫ್ಯಾನು, ಇಸ್ತ್ರಿಪೆಟ್ಟಿಗೆಯ ರಿಪೇರಿಯಷ್ಟೇ ಉಳಿದಿತ್ತು. ಸುದ್ದಿ ಬಂದ ದಿನ ನಾನು ತವರಿನಲ್ಲಿದ್ದೆ, ಅಪ್ಪನಿಗೆ ಊಟದ ಕ್ಯಾರಿಯರ್ ಕೊಡಲು ಅಂಗಡಿಗೆ ಹೋಗಿದ್ದೆ. ಅಪ್ಪ ಬಟ್ಟೆ ಅಳೆಯುತ್ತ, "ಪಾಪ, ಒಳ್ಳೆಯವನೇ. ವೈರಿಂಗ್ ಒಂದು ಬರ್ತಿರ್ಲಿಲ್ಲ," ಎಂದರು.

ಕ್ಯಾರಿಯರನ್ನು ಕುಕ್ಕಿದೆ. "ತಂತಿ ಕತ್ತರಿಸಿದ್ದು ನೀವು ಅಪ್ಪ. ತಪ್ಪು ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದು ನಾನು. ಮೇಸ್ತ್ರಿ ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ."

ಅಪ್ಪನ ಮೊಳಕೋಲು ಅಲ್ಲೇ ನಿಂತಿತು. ಪಂಚೆ ನೋಡುತ್ತಿದ್ದ ಅಜ್ಜಂಪುರದ ಗಿರಣಿಯ ಯಜಮಾನರು ತಲೆಯೆತ್ತಿ, "ಅಲ್ಲಮ್ಮ, ನಾನು ಆವತ್ತು ಅವರನ್ನ ಒಳಕ್ಕೂ ಕರೀಲಿಲ್ವಲ್ಲ," ಎಂದರು. ಪಂಚೆ ಕೊಳ್ಳದೆ ಎದ್ದು ಹೋದರು.

ಈಗ ಆ ಮನೆಯಲ್ಲಿ ನಾನಿದ್ದೇನೆ, ಮಶೀನು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಬೇಸಿಗೆಯಲ್ಲಿ ದಿನಾ ಒಂದು ಕೊಡ ನೀರು ಆ ಗುಂಡಿಗೆ ಹೊಯ್ಯುತ್ತೇನೆ. ಗಿಡವೇ ಇಲ್ಲದ ಕಡೆ ಯಾಕಮ್ಮ ನೀರು ಎಂದು ಕೇಳಿದವರನ್ನು ಕೂರಿಸಿಕೊಂಡು ಪೂರ್ತಿ ಹೇಳುತ್ತೇನೆ, ಅಪ್ಪನನ್ನೂ ಬಿಡದೆ, ನನ್ನನ್ನೂ ಬಿಡದೆ.