ಚೈತ್ರಾ ಸುಳ್ಳು ಹೇಳಿರಲಿಲ್ಲ

ನಾಗರತ್ನ ಮೇಡಂ, ನೀವು ಬರೆದುಕೊಟ್ಟ ಆ ಎರಡು ಹಾಳೆಯ ಸೂಚನೆಯನ್ನು ಆ ವರ್ಷ ನಾನು ತರಗತಿಯಲ್ಲಿ ಹಂಚಲೇ ಇಲ್ಲ. ಹಂಚಿದ್ದೇನೆ ಎಂದು ನಿಮಗೆ ಹೇಳಿದೆ. ವಿಚಾರಣೆಯ ದಿನ ಎಲ್ಲರೆದುರೂ ಹೇಳಿದೆ. ಎರಡೂ ಸುಳ್ಳು. ಚೈತ್ರಾ ಹೇಳಿದ್ದೇ ನಿಜ.

ಇಷ್ಟು ಬರೆಯಲು ನನಗೆ ಐದು ವರ್ಷ ಹಿಡಿಯಿತು. ಇಪ್ಪತ್ತು ವರ್ಷದಿಂದ ಸಮಾಜಶಾಸ್ತ್ರ ಪಾಠ ಮಾಡುತ್ತಾ ಬಂದವನಿಗೆ, ಮಾತಿಗೆ ಎಂದೂ ಬರವಿಲ್ಲದವನಿಗೆ — ಈ ಐದು ವಾಕ್ಯಕ್ಕೆ ಐದು ವರ್ಷ.

ನಿಮಗೆ ನೆನಪಿರಬಹುದು. ವಿಜಯನಗರದ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ನೀವು ಲೈಬ್ರರಿ ಬಿಟ್ಟು ಬಂದದ್ದೇ ಅಪರೂಪ. ಕೈಯಲ್ಲಿ ನನ್ನ ಪ್ರಾಜೆಕ್ಟಿನ ಚೀಟಿ ಇತ್ತು: "ನಿಮ್ಮ ಬಡಾವಣೆಯ ಒಂದು ಸಮಸ್ಯೆ ಕುರಿತು ಸಂಶೋಧನಾ ಪ್ರಬಂಧ. ಕನಿಷ್ಠ ಇಪ್ಪತ್ತು ಪುಟ. ಐದು ಆಕರ." ಅಷ್ಟೇ.

"ಸಾರ್, ಪ್ರತಿ ವರ್ಷ ಮಕ್ಕಳು ಇದನ್ನ ಹಿಡ್ಕೊಂಡು ಬಂದು 'ಮೇಡಂ, ಸಂಶೋಧನೆ ಬುಕ್ ಕೊಡಿ' ಅಂತಾರೆ. ನಾನು ಏನ್ ಕೊಡ್ಲಿ? ಇಬ್ರೂ ಕೂತ್ಕೊಂಡು ಸ್ವಲ್ಪ ಬಿಡಿಸಿ ಬರೆಯೋಣ್ವಾ?"

ಎರಡು ಶನಿವಾರ ಕೂತೆವು. ಮೊದಲ ದಿನವೇ ನೀವು ಪೆನ್ಸಿಲ್ ಹಿಡಿದು ಕೇಳಿದಿರಿ — "ಇದು ಮಾಡಿ ಮುಗಿಸಿದ್ಮೇಲೆ ಮಕ್ಕಳಿಗೆ ಏನು ಬರ್ಬೇಕು ಸಾರ್?" ವರ್ಷ ವರ್ಷವೂ ತಾರೀಖು ಮಾತ್ರ ಬದಲಿಸಿ ಅದೇ ಚೀಟಿ ಕೊಡುತ್ತಿದ್ದವನು ನಾನು. ಯಾಕೆ ಕೊಡುತ್ತಿದ್ದೇನೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನೀವು ನಗಲಿಲ್ಲ. ಸುಮ್ಮನೆ ಕಾದಿರಿ. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೋ ಏನೋ — ಆ ಕಾಯುವಿಕೆ ಮಾತ್ರ ನನಗೆ ಸಹಿಸಲಾಗಲಿಲ್ಲ.

ಕೊನೆಗೆ ನೀವೇ ಬರೆದಿರಿ. ಪುಟದ ಲೆಕ್ಕ ಹೊಡೆದುಹಾಕಿದಿರಿ: "ನೀವು ಕಂಡದ್ದು ಹತ್ತು ಪುಟಕ್ಕೆ ಮುಗಿದರೆ ಅಲ್ಲಿಗೇ ನಿಲ್ಲಿಸಿ." ಪುಸ್ತಕದಿಂದ ಎತ್ತಿಕೊಂಡ ಮಾತನ್ನು ಹೇಗೆ ಬೇರೆಯಾಗಿ ತೋರಿಸಬೇಕು, ಪುಸ್ತಕದ ಹೆಸರು ಎಲ್ಲಿ ಹಾಕಬೇಕು — ಅದಕ್ಕೊಂದು ಉದಾಹರಣೆ. ಪಿಯುಸಿ ದಾಟಿ ಬಂದ ಯಾವ ಮಗುವಿಗೂ ಅರ್ಥವಾಗುವ ಹಾಗಿತ್ತು. ನಾನು ಹೂಂ ಹೂಂ ಎಂದೆ. ಒಳಗೆ ಮಾತ್ರ ಉರಿಯುತ್ತಿತ್ತು. ಪುಸ್ತಕ ಕೊಡುವವರು ನನಗೆ ಪಾಠ ಹೇಳಿಕೊಡುವಂತಾಯಿತೇ ಎಂಬ ಉರಿ. ಹೌದು, ಇಷ್ಟು ಸಣ್ಣ ಮನುಷ್ಯ ನಾನು. ಸೋಮವಾರ ತರಗತಿಯಲ್ಲಿ ಹಳೆಯ ಚೀಟಿಯನ್ನೇ ಓದಿ ಬರೆಸಿದೆ. ನಿಮ್ಮ ಹಾಳೆಗಳು ನನ್ನ ಬೀರು ಸೇರಿದವು. "ಹಂಚಿದ್ರಾ ಸಾರ್?" ಎಂದು ಕಾರಿಡಾರಿನಲ್ಲಿ ಕೇಳಿದಿರಿ. "ಎಲ್ಲರಿಗೂ ಕೊಟ್ಟೆ ಮೇಡಂ" ಎಂದೆ.

ಚೈತ್ರಾ ಮೂಡಲಪಾಳ್ಯದ ಹುಡುಗಿ. ತಾಯಿ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ತನ್ನ ಬೀದಿಯಲ್ಲಿ ಆ ಕೆಲಸ ಮಾಡುವ ಹೆಂಗಸರನ್ನೆಲ್ಲ ಮಾತಾಡಿಸಿ ಬರೆದಿದ್ದಳು — ಬೆರಳಿನ ಕಪ್ಪು ಹೋಗದೆ ಮದುವೆಮನೆಯಲ್ಲಿ ಸೆರಗಿನೊಳಗೆ ಕೈ ಮುಚ್ಚಿಕೊಳ್ಳುವವರ ಬಗ್ಗೆ. ಅಂಥ ಹನ್ನೆರಡು ಪುಟವನ್ನು ನನ್ನ ಯಾವ ವಿದ್ಯಾರ್ಥಿಯೂ ಬರೆದಿರಲಿಲ್ಲ. ಹದಿಮೂರನೆಯ ಪುಟದಿಂದ ಇಪ್ಪತ್ತರವರೆಗೆ, ನೀವೇ ಹುಡುಕಿಕೊಟ್ಟ ಪುಸ್ತಕದ ಸಾಲುಗಳು, ಅಕ್ಷರಶಃ. ನಾನು ಇಪ್ಪತ್ತು ಕೇಳಿದ್ದೆನಲ್ಲ — ಪಾಪ, ತುಂಬಿಸಿದ್ದಳು.

ಜೊತೆಯಲ್ಲಿ ಮೌಲ್ಯಮಾಪನಕ್ಕೆ ಕುಳಿತ ಅಧ್ಯಾಪಕರ ಕಣ್ಣಿಗೆ ಅದು ಬಿತ್ತು. ವಿಚಾರಣೆ ನಡೆಯಿತು. ಪ್ರಿನ್ಸಿಪಾಲರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಹೀಗೆ ಮಾಡಬಾರದು ಎಂದು ಬರಹದಲ್ಲಿ ಕೊಟ್ಟಿದ್ದಿರಾ? ಇಲ್ಲ ಎಂದಿದ್ದರೆ ತಪ್ಪು ನನ್ನದಾಗುತ್ತಿತ್ತು, ಅವಳಿಗೆ ಇನ್ನೊಮ್ಮೆ ಬರೆದು ತರಲು ಹೇಳುತ್ತಿದ್ದರು. ನಾನು ಫೈಲಿನಿಂದ ನಿಮ್ಮ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟೆ.

"ಇದು ನಮಗೆ ಕೊಟ್ಟೇ ಇಲ್ಲ ಸಾರ್," ಎಂದಳು ಚೈತ್ರಾ.

ಆಗ ನೀವು — ಮೇಡಂ, ನಿಮ್ಮ ಬಾಯಲ್ಲಿ ಆ ಮಾತು ಆಡಿಸಿದವನು ನಾನು — "ನಾನೇ ಕೂತು ಟೈಪ್ ಮಾಡಿದ್ದು ಕಣಮ್ಮ ಇದು. ತಪ್ಪು ಮಾಡಿದ್ರೆ ಮಾಡ್ದೆ ಅನ್ನು. ಸುಳ್ಳು ಯಾಕೆ ಹೇಳ್ತೀಯ?" ಎಂದಿರಿ.

ಅವಳು ನನ್ನ ಕಡೆ ನೋಡಿದಳು. ನಾನು ಪೆನ್ನಿನ ಕ್ಯಾಪು ಹಾಕುತ್ತಿದ್ದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಕೋತಿಗಾದರೂ ಪದವಿ ಇರಲಿಲ್ಲ. ಉಳಿದ ಮಕ್ಕಳನ್ನು ಕರೆದು ಕೇಳಬಹುದಿತ್ತು, ಮೇಷ್ಟ್ರ ಮಾತಿನ ಮುಂದೆ ಯಾರೂ ಕೇಳಲಿಲ್ಲ. ಅವಳಿಗೆ ಸೊನ್ನೆ ಅಂಕ ಬಿತ್ತು, ಮನೆಗೆ ಪತ್ರ ಹೋಯಿತು. ಮುಂದಿನ ಸೆಮಿಸ್ಟರಿಗೆ ಅವಳು ಬರಲಿಲ್ಲ.

ಮರುವರ್ಷ ಹೆದರಿ ಹಾಳೆ ಹಂಚಿದೆ. ಅದು ಕೆಲಸ ಮಾಡಿತು. ಮಕ್ಕಳು ಚೆನ್ನಾಗಿ ಬರೆದರು, ನಮ್ಮಿಬ್ಬರಿಗೂ ಹೆಸರು ಬಂತು. ಗ್ರಂಥಪಾಲಕರೂ ಅಧ್ಯಾಪಕರೂ ಸೇರಿ ಪ್ರಾಜೆಕ್ಟ್ ರೂಪಿಸುವುದು ಹೇಗೆ ಎಂದು ಹೇಳಿಕೊಡಲು ರಾಜಾಜಿನಗರಕ್ಕೆ, ಕೆಂಗೇರಿಗೆ ಕರೆಸಿಕೊಂಡರು. ಅಲ್ಲಿಂದ ನನ್ನ ಸೆರೆವಾಸ ಶುರು. ಪ್ರತಿ ಕಾರ್ಯಾಗಾರದಲ್ಲೂ ನೀವು ಹೆಸರು ಹೇಳದೆ ಅವಳ ಕಥೆ ಹೇಳುತ್ತೀರಿ: "ಎಷ್ಟು ಸ್ಪಷ್ಟವಾಗಿ ಬರೆದುಕೊಟ್ರೂ ಓದದೇ ಇರೋರು ಇರ್ತಾರೆ, ಸಿಕ್ಕಿಬಿದ್ರೆ ಕೊಟ್ಟೇ ಇಲ್ಲ ಅಂತಾರೆ. ಅದಕ್ಕೇ ಸಹಿ ಹಾಕಿಸ್ಕೊಂಡು ಕೊಡಿ." ಎಲ್ಲರೂ ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಈಗ ಆ ಕಾಲೇಜುಗಳಲ್ಲಿ ಮಕ್ಕಳು ಸಹಿ ಹಾಕಿ ಹಾಳೆ ತೆಗೆದುಕೊಳ್ಳುತ್ತಿದ್ದಾರೆ, ನನ್ನ ಸುಳ್ಳಿನ ದೆಸೆಯಿಂದ. ನಿಮ್ಮ ಪಕ್ಕದ ಕುರ್ಚಿಯಲ್ಲಿ, ಮೈಕಿಗೆ ಕೈ ಎಟುಕುವಷ್ಟು ಹತ್ತಿರ ನಾನು. ಬಾಯಲ್ಲಿ ಬಿಸಿತುಪ್ಪ — ನುಂಗಲೂ ಆಗದು, ಉಗುಳಲೂ ಆಗದು.

ಈ ವರ್ಷದ ಆರಂಭದಲ್ಲಿ ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದಲ್ಲಿ ಅವಳೇ ಬಂದು ಮಾತಾಡಿಸಿದಳು. ಒಂದು ಲ್ಯಾಬಿನ ಕೌಂಟರಿನಲ್ಲಿ ಕೆಲಸವಂತೆ. ಬೈಯಲಿ ಎಂದು ಕಾದೆ.

"ಕಾಪಿ ಮಾಡಿದ್ದು ನನ್ ತಪ್ಪೇ ಸಾರ್. ಅದ್ ಬಿಡಿ. ನಾಗರತ್ನ ಮೇಡಂಗೆ ಮಾತ್ರ ಒಂದ್ಸಲ ಹೇಳ್ತೀರಾ, ಚೈತ್ರಾ ಸುಳ್ಳು ಹೇಳಿರ್ಲಿಲ್ಲ ಅಂತ? ಅವ್ರು ಹಾಗೆ ಅಂದ್ಕೊಂಡಿರೋದೇ ನಂಗೆ..." ನಂಬರು ಬರೆದುಕೊಟ್ಟಳು.

"ಹೇಳ್ತೀನಮ್ಮ" ಎಂದೆ. ಅದಾದ ಮೇಲೆ ನಾವಿಬ್ಬರೂ ಮೂರು ಸಲ ಒಂದೇ ಆಟೋದಲ್ಲಿ ಕಾರ್ಯಾಗಾರಕ್ಕೆ ಹೋಗಿದ್ದೇವೆ. ಮೂರು ಸಲವೂ ಬಾಯಿ ತೆರೆದೆ — ಟ್ರಾಫಿಕ್ಕಿನ ಬಗ್ಗೆ ಮಾತಾಡಿದೆ.

ಈ ಪತ್ರದ ಒಂದು ಪ್ರತಿ ಇವತ್ತೇ ಪ್ರಿನ್ಸಿಪಾಲರಿಗೆ ಕೊಡುತ್ತಿದ್ದೇನೆ. ಶನಿವಾರ ಉಲ್ಲಾಳದ ಕಾರ್ಯಾಗಾರದಲ್ಲಿ ಆ ಕಥೆಯನ್ನು ನಾನು ಹೇಳುತ್ತೇನೆ, ನನ್ನ ಹೆಸರು ಹಾಕಿ. ನನ್ನ ಪಕ್ಕ ಕೂರಲು ನಿಮಗೆ ಮನಸ್ಸಾಗದಿದ್ದರೆ ಅದು ನ್ಯಾಯವೇ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಅವಳ ನಂಬರನ್ನು ಕೆಳಗೆ ಬರೆದಿದ್ದೇನೆ. ನಾನು ಕರೆ ಮಾಡಿಲ್ಲ, ಮೇಡಂ. ಅವಳು ಕಾಯುತ್ತಿರುವುದು ನಿಮ್ಮ ದನಿಗೆ.