ಜಲಜಾಕ್ಷಿಯ ಹಿಮಪರೀಕ್ಷೆ

ನ್ಯೂಜೆರ್ಸಿಯ ಪಾರ್ಸಿಪನಿ ಊರಿನ ಆಫೀಸ್ ಪಾರ್ಕೊಂದರಲ್ಲಿ ಇಪ್ಪತ್ತೆರಡು ವರ್ಷ ಕ್ಯಾಂಟೀನ್ ನಡೆಸಿದ ಉಡುಪಿಯ ಜಲಜಾಕ್ಷಿ ಅರವತ್ತನೆಯ ವಯಸ್ಸಿನಲ್ಲಿ ಹಿಮಕುಸಿತದ ಅಪಾಯ ಗುರುತಿಸುವ ಕೋರ್ಸಿಗೆ ಸೇರಿದ್ದು ಶೋಕಿಗಲ್ಲ. ಅಳಿಯ ಸುಜಿತನಿಗೆ ಕಡಿದಾದ ಬೆಟ್ಟದಿಂದ ಸ್ಕೀ ಮಾಡುತ್ತ ಇಳಿಯುವ ಹುಚ್ಚು. ಮಗಳು ನವ್ಯಾ ಎಂಟು ತಿಂಗಳ ಬಸುರಿ. ಬೇಡವೆಂದರೆ ಕೇಳುವ ಜಾತಿಯಲ್ಲ ಅಳಿಯ. ಸರಿ, ಜೊತೆಗೇ ಹೋಗಿ ಕಾಯುವುದೆಂದು ಆಕೆ ಟೊಂಕ ಕಟ್ಟಿದರು.

ಕೆಂಡಲ್ ಪಾರ್ಕಿನ ಮನೆಯ ಹಿತ್ತಲಲ್ಲಿ ಹಿಮ ಬಿದ್ದಾಗಲೆಲ್ಲ ಗುಂಡಿ ತೋಡಿ ಅಭ್ಯಾಸ ನಡೆಯಿತು. ಪಕ್ಕದ ಮನೆಯ ಕಲಾ ಬೇಲಿಯಾಚೆಯಿಂದ, "ಏನ್ರೀ, ಬಾವಿ ತೋಡ್ತಿದ್ದೀರಾ?" ಎಂದು ಕೇಳಿದ್ದೂ ಉಂಟು.

ಫೆಬ್ರವರಿಯ ಒಂದು ಶನಿವಾರ ಸುಜಿತ್, ಅವನ ಗೆಳೆಯರಾದ ಬದರಿ ಮತ್ತು ಸೂರಜ್ ಐದು ಗಂಟೆ ಡ್ರೈವ್ ಮಾಡಿ ಅಡಿರಾಂಡ್ಯಾಕ್ ಬೆಟ್ಟಕ್ಕೆ ಬಂದು, ಕಾರು ಕೆಳಗೆ ನಿಲ್ಲಿಸಿ ಹಿಮದಲ್ಲಿ ಮೇಲೆ ಹತ್ತಿದರು. ಹಿಂದೆಯೇ ಏದುಸಿರು ಬಿಡುತ್ತ ಜಲಜಾಕ್ಷಿ. ಬೆನ್ನ ಮೇಲೆ ಸಲಿಕೆ, ಪುಲಾವ್, ಗೋಳಿಬಜೆ.

ಇಳಿಜಾರಿನ ಅಂಚಿನಲ್ಲಿ ಆಕೆ ಗುಂಡಿ ತೋಡಿ, ಹಿಮದ ಒಂದು ಕಂಬ ಕಡಿದು ನಿಲ್ಲಿಸಿ, ಅದರ ತಲೆಯ ಮೇಲೆ ಸಲಿಕೆಯಿಟ್ಟು ತಟ್ಟತೊಡಗಿದರು. ಕೋರ್ಸಿನಲ್ಲಿ ಕಲಿತಂತೆ ಮೊದಲು ಮಣಿಕಟ್ಟಿನಿಂದ ಹತ್ತು ಪೆಟ್ಟು, ಆಮೇಲೆ ಮೊಣಕೈಯಿಂದ ಹತ್ತು, ಕೊನೆಗೆ ಭುಜದಿಂದ ಹತ್ತು ಹೊಡೆಯಬೇಕು. ಮೂವತ್ತನ್ನೂ ಕಂಬ ತಡೆದುಕೊಂಡರೆ ಒಳ್ಳೆಯ ಲಕ್ಷಣ. ಇಲ್ಲಿ ನಾಲ್ಕನೆಯ ಪೆಟ್ಟಿಗೇ ಮೇಲಿನ ಗಟ್ಟಿ ಪದರ ಇಡಿಯಾಗಿ ಜಾರಿ ಅವರ ಕಾಲಬುಡಕ್ಕೆ ಬಿತ್ತು. ಅದರಡಿಯ ಹಿಮ ಬೆರಳಲ್ಲಿ ಸಕ್ಕರೆಯಂತೆ ಉದುರಿತು. ಪಕ್ಕದಲ್ಲಿ ಇನ್ನೊಂದು ಕಂಬ ಕಡಿದರು. ಅದು ಮೂರಕ್ಕೇ ಹೋಯಿತು.

"ಬೇಡ ಮಾರಾಯ್ರೆ, ಇದು ನಿಲ್ಲುದಿಲ್ಲ. ವಾಪಸ್ ಹೋಗುವ."

"ಅತ್ತೆ, ಐದು ಗಂಟೆ ಡ್ರೈವ್ ಮಾಡಿದೀವಿ! ಪ್ಲೀಸ್, ಜಸ್ಟ್ ಒನ್ ರನ್," ಎಂದ ಸುಜಿತ್.

ವಾದಿಸಿ ಗೆಲ್ಲುವುದು ಆಗದ ಮಾತು. ಆದರೆ ಹಸಿದ ಗಂಡಸರನ್ನು ಇಪ್ಪತ್ತೆರಡು ವರ್ಷ ಕಂಡವರಲ್ಲವೇ ಆಕೆ! ಚೀಲದ ಬಾಯಿ ಕೊಂಚ ತೆರೆದರು. ಗೋಳಿಬಜೆಯ ಪರಿಮಳ ಬೆಟ್ಟದ ಗಾಳಿಗೆ ಸೇರಿತು. ಮತ್ತೆ ಮುಚ್ಚಿದರು.

"ಊಟ ಕೆಳಗೆ, ಕಾರಿನ ಹತ್ತಿರ. ಬರುವವರು ಬನ್ನಿ."

ಬದರಿ ಮೊದಲು ಬಂದ ದಾರಿಗೇ ತಿರುಗಿದ, ಬೆನ್ನಿಗೇ ಸೂರಜ್. ಒಬ್ಬನೇ ಇಳಿಯುವ ಧೈರ್ಯ ಸಾಲದೆ ಸುಜಿತನೂ ಗೊಣಗುತ್ತ ಹಿಂಬಾಲಿಸಿದ.

ಪಾರ್ಕಿಂಗ್ ಲಾಟಿನಲ್ಲಿ ನಿಂತು ನೋಡಿದರೆ ಇಳಿಜಾರು ತನ್ನ ಪಾಡಿಗೆ ಬೆಳ್ಳಗೆ ಮಲಗಿತ್ತು.

"ನೋಡಿ ಅತ್ತೆ, ಏನೂ ಆಗ್ಲಿಲ್ಲ!"

"ಹೌದು, ಎಂತ ಸಹ ಆಗ್ಲಿಲ್ಲ," ಎಂದ ಜಲಜಾಕ್ಷಿಗೆ ಕಣ್ಣು ತುಂಬಿ ಬಂತು. ಇದ್ದುದರಲ್ಲೇ ದೊಡ್ಡ ಗೋಳಿಬಜೆಯನ್ನು ಅಳಿಯನ ತಟ್ಟೆಗೆ ಹಾಕಿದರು.