ಅಕ್ಕನ ಕಾಲ್ಗುಣ, ಕಾರಿನ ದೋಷ

ಕಳೆದ ವಾರ ನಾನೊಂದು ಹಳೆಯ ಕಾರು ಕೊಂಡೆ. ಮಾರಿದವರು ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪತಿಯನ್ನು ಅಂಟಿಸಿ, "ಲೈಟ್ ಕನೆಕ್ಷನ್ ಕೊಡಿಸ್ಲಾ ಮೇಡಂ?" ಎಂದರು. ಬೇಡ ಎಂದೆ. ಸ್ವರ ಗಡುಸಾಗಿತ್ತೇನೋ, ಅವರು ನನ್ನನ್ನು ನಾಸ್ತಿಕಳೆಂದು ತೀರ್ಮಾನಿಸಿದ ಹಾಗೆ ನೋಡಿದರು. ನನಗೆ ದೇವರ ಮೇಲೆ ಸಿಟ್ಟಿಲ್ಲ, ದೇವರ ಲೈಟಿನ ಮೇಲೆ ಇದೆ. ಕಾರಣ ಹೇಳದಿದ್ದರೆ ನೀವೂ ಹಾಗೆಯೇ ನೋಡುತ್ತೀರಿ.

ಅಕ್ಕನ ಮದುವೆಯಲ್ಲಿ ಅಪ್ಪ ಕಾರು ಕೊಟ್ಟಿದ್ದರು. 'ಉಡುಗೊರೆ' ಎಂಬ ಮಾತನ್ನು ಎರಡೂ ಕಡೆಯವರು ಬಹಳ ಜೋಪಾನವಾಗಿ ಬಳಸಿದರು. ದೊಡ್ಡಬಳ್ಳಾಪುರದ ನಮ್ಮ ಮನೆಯಿಂದ ಹೊಸಕೋಟೆ ಹತ್ತಿರದ ಅತ್ತೆಮನೆಗೆ ಅವಳು ಅದೇ ಕಾರಿನಲ್ಲಿ ಹೋಗಿ, ಹೊಸಿಲ ಮೇಲಿನ ಅಕ್ಕಿ ಸೇರನ್ನು ಕಾಲಿನಿಂದ ಚೆಲ್ಲಿ ಒಳಗೆ ಹೋದಳು. ಅಲ್ಲಿಂದಾಚೆಗೆ ಆ ಮನೆಯಲ್ಲಿ ಏನು ನಡೆದರೂ ಆ ಕಾಲಿನದೇ ಲೆಕ್ಕ. ಎಮ್ಮೆ ಹೆಣ್ಣುಕರು ಹಾಕಿದರೆ ಸೊಸೆಯ ಕಾಲ್ಗುಣ, ಬೋರ್‌ವೆಲ್ ಮೋಟರು ಸುಟ್ಟರೂ ಅದೇ. ಭಾವ ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಒಳ್ಳೆಯವರು, ಅಂದರೆ ತಾಯಿಗೆ ಎದುರು ಮಾತಾಡದವರು.

ಕೆಲವು ತಿಂಗಳಿಗೆ ಕಾರು ಕೈಕೊಡತೊಡಗಿತು. ಹಳ್ಳದಲ್ಲೊಮ್ಮೆ ಕುಲುಕಿದರೆ ಸಾಕು, ಮುಂದಿನ ತಿರುವಿನಲ್ಲಿ ನಿಲ್ಲುತ್ತಿತ್ತು. ಇಂಜಿನ್ನಿನ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಗ್ಯಾರೇಜಿನವರು ಮಿಷನ್ ಹಾಕಿ ಅದನ್ನು ಅಳಿಸುವರು, ಅದು ಮತ್ತೆ ಬರುವುದು. ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೊರಟು ದಾರಿಯಲ್ಲೇ ನಿಂತ ದಿನ ಅಕ್ಕನ ಅತ್ತೆ ಎಲ್ಲರೆದುರು ಅಂದರಂತೆ: "ಇವ್ಳು ಕಾಲಿಕ್ಕಿದ್ ಗಳಿಗೆನೇ ಸರಿ ಇಲ್ಲ. ಗಾಡಿನೂ ಅವ್ಳ ಕಡೇದು, ದರಿದ್ರನೂ ಅವ್ಳ ಕಡೇದು." ಆಮೇಲೆ ಶುಭಕಾರ್ಯಗಳಿಗೆ ಹೊರಡುವಾಗ ಅಕ್ಕನನ್ನು ಮನೆ ನೋಡಿಕೊಳ್ಳಲು ಬಿಟ್ಟುಹೋಗುವುದು ರೂಢಿಯಾಯಿತು. ಫೋನಿನಲ್ಲಿ ಅಕ್ಕ ಇದನ್ನೆಲ್ಲ ಹಗುರಾಗಿಯೇ ಹೇಳಿದಳು. "ಏನಿಲ್ಲ ಕಣೆ, ಗಾಡಿ ಸರಿಹೋದ್ರೆ ಎಲ್ಲಾ ಸರಿಹೋಗತ್ತೆ."

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ವಾಹನಗಳ ವೈರಿಂಗ್ ಪರೀಕ್ಷಿಸುವ ಕೆಲಸ. ಬಾಚಣಿಗೆಯ ಪಕ್ಕದಲ್ಲಿ ಮಲ್ಟಿಮೀಟರ್ ಇಟ್ಟುಕೊಂಡು ಓಡಾಡುವ ಹೆಣ್ಣು ಎಂದು ನೆಂಟರಲ್ಲಿ ನನಗೆ ಆಗಲೇ ಹೆಸರಿತ್ತು. ಅದೊಂದು ಭಾನುವಾರ ಆ ಹೆಸರಿಗೆ ತಕ್ಕಂತೆ ಹೊಸಕೋಟೆ ಬಸ್ಸು ಹತ್ತಿದೆ.

ಸ್ಟಿಯರಿಂಗ್ ಕೆಳಗೆ ಸ್ಕ್ಯಾನರು ಚುಚ್ಚಿ ಕೂತಿದ್ದಾಗ ಜಗಲಿಯಿಂದ ಅತ್ತೆಯ ದನಿ ಬಂತು.

"ಏನವ್ವಾ, ಗಾಡಿಗೆ ಬಿ.ಪಿ. ನೋಡ್ತಿದ್ದೀಯಾ?"

"ಹಂಗೇ ಅಂದ್ಕೊಳ್ಳಿ ಅತ್ತೆ."

"ಗಂಡ್ ಹುಡುಕಪ್ಪಾ ಅಂದ್ರೆ ನಿಮ್ಮಪ್ಪ ನಿಂಗೆ ಸ್ಕ್ರೂಡ್ರೈವರ್ ಕೊಡ್ಸವ್ರೆ ನೋಡು!"

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗದಿದ್ದರೆ ಕಷ್ಟ ಅಕ್ಕನಿಗೆ.

ಇಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆಯೊಂದು ಕಾರಿನೊಳಗೆ ಇರುತ್ತದೆ. ಓಡುತ್ತ ಓಡುತ್ತ ಕಲಿತದ್ದನ್ನು ಅದು ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಕೀ ತೆಗೆದ ಮೇಲೂ ಆ ಮೆಮೊರಿಗೆ ಸಣ್ಣದೊಂದು ಕರೆಂಟು ಸಿಗುತ್ತಲೇ ಇರಬೇಕು. ಸ್ಕ್ಯಾನರು ತೋರಿಸಿದ್ದು ಮೆಮೊರಿಯ ದೋಷವನ್ನೇ. ಗ್ಯಾರೇಜಿನವರು ಪೆಟ್ಟಿಗೆಯನ್ನೇ ಬದಲಾಯಿಸಬೇಕು ಎಂದಿದ್ದರು. ನಾನು ಅದಕ್ಕೆ ಕರೆಂಟು ಒಯ್ಯುವ ವೈರಿಗೆ ಮೀಟರು ಹಿಡಿದು, ವೈರಿನ ಕಟ್ಟನ್ನು ಮೆಲ್ಲಗೆ ಅಲುಗಾಡಿಸಿದೆ. ಮೀಟರಿನ ಅಂಕಿ ಸೊನ್ನೆಗೆ ಬಿತ್ತು. ಇನ್ನೊಮ್ಮೆ ಅಲುಗಿಸಿದೆ, ಎದ್ದಿತು. ಡ್ಯಾಶ್‌ಬೋರ್ಡಿನ ಅಡಿಯ ಮುಚ್ಚಳ ಬಿಚ್ಚಿದರೆ ಕಪ್ಪು ಟೇಪಿನ ಗಂಟು. ಯಾರೋ ಆ ವೈರನ್ನು ಕತ್ತರಿಸಿ, ಇನ್ನೊಂದು ವೈರನ್ನು ಸೇರಿಸಿ ಹೊಸೆದಿದ್ದರು. ಅದು ನೇರವಾಗಿ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಪುಟ್ಟ ಲಕ್ಷ್ಮಿಯ ಮುಂದಿನ ದೀಪಕ್ಕೆ ಹೋಗಿತ್ತು.

ಭಾವ ತಲೆ ಕೆರೆದುಕೊಂಡರು. "ಅಮ್ಮ ಹೇಳಿದ್ರು. ಮನೆ ನಂದಾದೀಪದ ಥರ ಗಾಡಿ ದೀಪನೂ ಆರಬಾರ್ದು ಅಂತ. ಊರಿನ ಎಲೆಕ್ಟ್ರಿಷಿಯನ್ ಹಾಕ್ಕೊಟ್ಟ." ಕೀ ತೆಗೆದರೂ ಕರೆಂಟು ಇರುವ ವೈರು ಯಾವುದೆಂದು ಆತ ಹುಡುಕಿದ್ದ, ಸಿಕ್ಕಿದ್ದು ಇದು. ಒಂದು ಕ್ಷಣ ಅವನ ಶ್ರದ್ಧೆಗೆ ತಲೆದೂಗಿದೆ.

ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ಆ ಗಂಟನ್ನು ನೋಡಿದಳು. "ಅಂದ್ರೆ ನನ್ನಿಂದ ಅಲ್ಲ, ಅಲ್ವಾ?" ಎಂದಳು, ನನಗೆ ಮಾತ್ರ ಕೇಳುವಂತೆ.

"ಒಂದು ವೈರಿಂದ ಕಣೆ ಅಕ್ಕ," ಎಂದೆ.

ಕತ್ತರಿಸಿದ ವೈರನ್ನು ಬೆಸುಗೆ ಹಾಕಿ ಕೂಡಿಸಿದೆ. ನಿಂತ ಕಾರಿನಲ್ಲಿ ಹಗಲಿರುಳು ದೀಪ ಉರಿದರೆ ಬ್ಯಾಟರಿಯೂ ಸೊರಗುತ್ತದೆಂದು ಭಾವನಿಗೆ ವಿವರಿಸಿ, ಕೀ ತಿರುಗಿಸಿದಾಗ ಮಾತ್ರ ಅದು ಹತ್ತುವಂತೆ ಮಾಡಿದೆ. ಕಾರು ಮತ್ತೆಂದೂ ನಿಲ್ಲಲಿಲ್ಲ. ನಮ್ಮ ಕೆಲಸದಲ್ಲಿ ಇಷ್ಟಾದರೆ ಮುಗಿಯಿತು. ಕಾರಣ ತೆಗೆದರೆ ದೋಷ ಹೋಗುತ್ತದೆ. ಅದೇ ನಂಬಿಕೆಯಲ್ಲಿ ಊಟ ಮಾಡಿ ಬಸ್ಸು ಹತ್ತಿದೆ.

ಆದರೆ ಆ ಸಂಜೆ ಕೀ ತೆಗೆದಾಗ ಲಕ್ಷ್ಮಿಯ ಮುಂದೆ ಕತ್ತಲಾದದ್ದನ್ನು ಅತ್ತೆ ನೋಡಿದ್ದರು. ಮುಂದೊಂದು ದಿನ ಹಿತ್ತಿಲಿನಲ್ಲಿ ಜಾರಿಬಿದ್ದು ಕೈಮೂಳೆ ಮುರಿದುಕೊಂಡಾಗ ಅಂದರು: "ತಂಗೀನ ಕರ್ಸಿ ದೀಪ ಆರ್ಸಿದ್ಲಲ್ಲ, ಇನ್ನೇನಾಗತ್ತೆ?" ಕಾರು ಸರಿಹೋದ ಸುದ್ದಿಯೇ ಇಲ್ಲ. ಭಾವನಿಗೆ ಎಲ್ಲ ಗೊತ್ತಿತ್ತು. ವೈರನ್ನು ಕಣ್ಣಾರೆ ಕಂಡಿದ್ದರು. ಅಂದೂ ಅವರು ಒಳ್ಳೆಯವರಾಗಿಯೇ ಉಳಿದರು.

ನಿನ್ನೆ ಅಕ್ಕ ಬಂದಿದ್ದಳು. ನನ್ನ ಕಾರಿಗೆ ಪೂಜೆಯಾಯಿತು, ಚಕ್ರದಡಿಗೆ ನಿಂಬೆಹಣ್ಣು ಇಟ್ಟೆವು. "ದೊಡ್ಡೋಳು, ನೀನೇ ಮೊದ್ಲು ಕೂತ್ಕೊಳ್ಳೆ," ಎಂದರು ಅಮ್ಮ. ಅಕ್ಕ ಒಂದು ಹೆಜ್ಜೆ ಹಿಂದೆ ಸರಿದಳು.

"ಬೇಡಮ್ಮ. ಪಾಪ, ಕಷ್ಟಪಟ್ಟು ತಗೊಂಡವ್ಳೆ. ನನ್ನ ಕಾಲ್ಯಾಕೆ?"

ಕೊಂಕಿರಲಿಲ್ಲ, ನೋವೂ ಇರಲಿಲ್ಲ. ಕಾಫಿಗೆ ಸಕ್ಕರೆ ಬೇಡ ಎನ್ನುವ ಹಾಗೆ ಅಂದಳು.

"ಅಕ್ಕ, ಆ ವೈರನ್ನ ನೀನೇ ನೋಡಿದ್ದೀಯಲ್ಲ."

"ನೋಡಿದ್ದೀನಿ ಕಣೆ. ವೈರಿಂದು ಸರಿ. ಅದನ್ನ ಹಂಗೆ ಹಾಕ್ಸೋ ಬುದ್ಧಿ ಅವ್ರಿಗೆ ನಾನು ಬಂದ್ಮೇಲೇ ಯಾಕೆ ಬಂತು, ಹೇಳು?"

ಹಿಂದಿನ ಬಾಗಿಲು ತೆರೆದು ಹಿಡಿದೆ. ಅಪ್ಪ, ಅಮ್ಮ ಕೂತರು, ನಾನೂ ಕೂತೆ. ಎಲ್ಲರೂ ಕೂತದ್ದು ಖಾತ್ರಿಯಾದ ಮೇಲೆ ಅಕ್ಕ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಎಡಗಾಲು ಮೊದಲು ತಾಗದಂತೆ ನೋಡಿಕೊಂಡು, ಮೆಲ್ಲಗೆ ಹತ್ತಿದಳು.